ನಾಲ್ಕು ಕೋಳಿ, ಮೂರು ವಾಕ್ಯ

ಹೇಳಿದೆ. ಹೇಳಿದೆ ಅಂದ್ನಲ್ಲ. ನೀವು ಫೋನ್ ಮಾಡಿದ ದಿನಾನೇ ಹೇಳಿದೆ. ತಂಗಿ ರಾತ್ರಿ ಡ್ಯೂಟಿ ಮುಗಿಸಿ ಬಂದಳು, ಕೂತಳು, ಹೇಳಿದೆ. ಅವಳೇನಂದಳು ಅನ್ನೋದು ಬೇರೆ ಪ್ರಶ್ನೆ. ಅದಕ್ಕೆ ಆಮೇಲೆ ಬರೋಣ... ಈಗ ಆರು ಗಂಟೆ. ಆರು ಗಂಟೆಗೆ ಈ ಮನೇಲಿ ಮದುವೆ ಮಾತು ಎತ್ತಲ್ಲ. ಕೋಳಿ ಬಿಡ್ತೀವಿ.

ಬನ್ನಿ, ಹಿತ್ತಿಲಿಗೆ ಬನ್ನಿ. ಅಯ್ಯೋ, ಚಪ್ಪಲಿ ಬಿಡ್ಬೇಡಿ! ಆ ಮರ್ಯಾದೆ ಎಲ್ಲ ಮುಂಬಾಗಿಲಿಗೆ. ಇಲ್ಲಿ ಚಪ್ಪಲಿ ಹಾಕ್ಕೊಂಡೇ ಇರ್ಬೇಕು, ನೋಡ್ಕೊಂಡು ಕಾಲಿಡ್ಬೇಕು... ಹಾಂ, ಅದೇ. ಅದನ್ನೇ ಹೇಳಿದ್ದು. ಪರವಾಗಿಲ್ಲ, ಆ ಕಲ್ಲಿಗೆ ಒರೆಸಿ.

ಅವಳು ಎಂಟಕ್ಕೆ ಆಸ್ಪತ್ರೆ ಬಿಡ್ತಾಳೆ. ಬಸ್ಸು ಸಿಕ್ಕರೆ ಎಂಟೂವರೆಗೆ ಮನೆ. ಅಲ್ಲೀವರೆಗೂ ಕಾಯ್ತೀರಾ? ಕಾಯಿರಿ. ನನ್ನ ಅಭ್ಯಂತರ ಏನೂ ಇಲ್ಲ. ಆಸ್ಪತ್ರೆ ಲಿಫ್ಟಲ್ಲಿ ಅವಳು ಸಿಕ್ಕಿಹಾಕ್ಕೊಂಡಿದ್ದಾಗ ನೀವು ನಲವತ್ತು ನಿಮಿಷ ರಿಪೇರಿ ಮಾಡಿದ್ರಂತೆ. ಆ ನಲವತ್ತು ನಿಮಿಷದಲ್ಲಿ ಎರಡೇ ಮಾತಂತೆ. ಮೊದಲು "ಗಾಬರಿ ಬೇಡ." ಕೊನೆಗೆ "ಆಯ್ತು." ಮನೆಗೆ ಬಂದು ಅದನ್ನ ಯಾವುದೋ ದೊಡ್ಡ ಭಾಷಣ ಕೇಳಿ ಬಂದವಳ ಥರ ಹೇಳ್ತಾ ಕೂತಿದ್ದಳು. ಹುಟ್ಟಿದಾಗಿಂದ, ನಲವತ್ತನಾಲ್ಕು ವರ್ಷ, ಈ ಅಕ್ಕನ ಜೊತೆ ಬದುಕಿದವಳು. ಮಾತಾಡದ ಗಂಡಸನ್ನ ಕಂಡು ಮರುಳಾದಳು ಅಂದ್ರೆ ಕಾರಣ ಹುಡುಕಿ ದೂರ ಹೋಗ್ಬೇಕಿಲ್ಲ.

ಯಾಕೆ ನಗ್ತೀರಿ? ನಾನು ತಮಾಷೆ ಮಾಡ್ಲಿಲ್ಲ.

ಇದು ಗೂಡು. ಹತ್ತಿರ ಬನ್ನಿ, ಒಳಗಿರೋದು ಸಿಂಹ ಅಲ್ಲ. ನೋಡಿ, ಇವತ್ತು ಎಲ್ಲ ತೋರಿಸಿಬಿಡ್ತೀನಿ. ನಾಳೆ ನೀವು, ಯಾರೂ ಹೇಳ್ಲಿಲ್ಲ ಅನ್ನಬಾರದು. ಅವಳ ಷರತ್ತು ಏನು? ರಿಜಿಸ್ಟ್ರಾರ್ ಆಫೀಸಿಗೆ ಬಂದು ಸಹಿ ಹಾಕ್ತೀನಿ, ಆದರೆ ಒಬ್ಬಳೇ ಬರಲ್ಲ, ನಾಲ್ಕು ಕೋಳಿ ಕರ್ಕೊಂಡು ಬರ್ತೀನಿ. ಸರಿ. ನಿಮ್ಮದು ಮೂರನೇ ಮಹಡಿ ಮನೆ. ಅದರ ಮೇಲೆ ತಾರಸಿ. ತಾರಸಿ ಮೇಲೆ ಕೋಳಿ. ನೀವು ಲಿಫ್ಟಿನ ಕೆಲಸದವರು, ಮೇಲೆ ಹೋಗೋದು ನಿಮಗೆ ಕಷ್ಟ ಅಲ್ಲ. ಮೇಲೆ ಹೋದ ಮೇಲೆ ಏನಿದೆ ಅನ್ನೋದು ಗೊತ್ತಿರ್ಬೇಕಲ್ಲ? ಯೋಚನೆ ಮಾಡೋಕೆ ಇನ್ನೂ ಟೈಮಿದೆ. ಯಾರೂ ಏನೂ ಅಂದ್ಕೊಳ್ಳಲ್ಲ.

ಈ ಬಾಗಿಲು ಜೋತುಬಿದ್ದಿದೆ. ಹೀಗೆ ಎತ್ತಿ, ಸ್ವಲ್ಪ ಎಡಕ್ಕೆ ತಳ್ಳಿ, ಆಮೇಲೆ ಚಿಲಕ ತೆಗೀಬೇಕು. ಎಳೆದ್ರೆ ಬರಲ್ಲ. ಆಯ್ತು, ಪಕ್ಕಕ್ಕೆ ನಿಂತ್ಕೊಳ್ಳಿ. ದಾರಿಗೆ ಅಡ್ಡ ನಿಂತರೆ ಮೊದಲನೇದು ಕಾಲ ಮೇಲೇ ನಡ್ಕೊಂಡು ಹೋಗತ್ತೆ... ನೋಡಿದ್ರಾ? ಅದು ಮೇಡಂ. ಅದು ಇಳಿಯದೆ ಬೇರೆ ಯಾವುದೂ ಇಳಿಯಂಗಿಲ್ಲ. ನಮ್ಮ ಕಾಲೇಜಿನ ಪ್ರಿನ್ಸಿಪಾಲರ ನಡಿಗೆ, ಅದೇ ಎದೆ, ಅದೇ ಕತ್ತು. ಮೂವತ್ತು ವರ್ಷ ತರ್ಕಶಾಸ್ತ್ರ ಪಾಠ ಮಾಡಿದೀನಿ ಅಲ್ಲಿ. ಇಷ್ಟು ಪಕ್ಕಾ ಹೋಲಿಕೆ ನನಗೆ ಪುಸ್ತಕದಲ್ಲಿ ಸಿಕ್ಕಿಲ್ಲ. ಎರಡನೇದು ಸಾಕ್ಷಿ. ಏನೂ ಮಾಡಲ್ಲ, ಎಲ್ಲ ನೋಡ್ತಾ ಇರತ್ತೆ. ಮೂರನೇದು ಪೆದ್ದಿ. ದಿನಾ ಅದೇ ಮೆಟ್ಟಿಲು, ದಿನಾ ಎಡವತ್ತೆ... ಹಾಂ, ಎಡವಿತು. ನಾಲ್ಕನೇದು ಬರಲ್ಲ. ಗುಮಾಸ್ತೆ ಅಂತ. ಒಳಗೇ ಕೂತಿದೆ. ಅದರ ಕಥೆ ಆಮೇಲೆ.

ಹೆಸರೆಲ್ಲ ಅವಳೇ ಇಟ್ಟಿದ್ದು. ಕೋಳಿ ಎಲ್ಲ ಅವಳದ್ದೇ. ನನಗೂ ಇದಕ್ಕೂ ಸಂಬಂಧ ಇಲ್ಲ. ರಾತ್ರಿ ಡ್ಯೂಟಿ ಇದ್ದ ದಿನ ಬೆಳಿಗ್ಗೆ ಒಂದು ಬಾಗಿಲು ತೆಗೀತೀನಿ, ಅಷ್ಟೆ.

ಈಗ ನೀರು. ನಿನ್ನೆ ನೀರಿಗೆ ಹೊಸ ನೀರು ಸುರಿಯೋದಲ್ಲ. ಬೋಗುಣಿ ತಲೆಕೆಳಗು ಮಾಡಿ, ಈ ಬ್ರಷ್ಷಲ್ಲಿ ಒಳಗಡೆ ತಿಕ್ಕಬೇಕು. ಬೆರಳಿಟ್ಟು ನೋಡಿ, ಜಾರಿದ್ರೆ ಇನ್ನೂ ತಿಕ್ಕಬೇಕು. ಬೋಗುಣೀನ ಇಟ್ಟಿಗೆ ಮೇಲೆ ಇಡಿ, ಅವುಗಳ ಬೆನ್ನಿನ ಮಟ್ಟಕ್ಕೆ. ನೆಲದ ಮೇಲಿಟ್ರೆ ಐದು ನಿಮಿಷದಲ್ಲಿ ಕೆದರಿ ಕೆದರಿ ಮಣ್ಣು ತುಂಬಿಸ್ತವೆ, ಆಮೇಲೆ ನೀರು ಕೊಳಕಾಗಿದೆ ಅಂತ ನಿಮ್ಮ ಮುಖ ನೋಡ್ತವೆ. ಇಡೀ ಸರ್ಕಾರಿ ಆಫೀಸು ಹೀಗೇ ನಡೆಯೋದು.

ಆಮೇಲೆ ಇದು. ಈ ಹಲಗೆ. ರಾತ್ರಿ ಕೂರೋ ಕೋಲಿನ ಕೆಳಗೆ ಇಟ್ಟಿರ್ತೀವಿ, ಬೆಳಿಗ್ಗೆ ಎಳೀತೀವಿ. ಮೂಗು ಮುಚ್ಚಬೇಡಿ, ಹತ್ತಿರ ಬನ್ನಿ. ನಾಲ್ಕು ಗುಡ್ಡೆ ಹಿಕ್ಕೆ. ನಾಲ್ಕೂ ಯಾವ ಯಾವ ಕೋಳೀದು ಅಂತ ಗೊತ್ತಿರ್ಬೇಕು. ಗಟ್ಟಿ, ಮೇಲೆ ಬಿಳಿ ಟೋಪಿ ಇದ್ರೆ ಆರೋಗ್ಯ. ನೀರಾದ್ರೆ ಯೋಚನೆ. ಹಸಿರಾದ್ರೆ ಡಾಕ್ಟ್ರು. ಬೆಳಿಗ್ಗೆ ಎದ್ದು ಪೇಪರ್ ಓದೋರಿದ್ದಾರೆ, ನಾನು... ನಾವು ಇದನ್ನ ಓದ್ತೀವಿ. ಇದರಲ್ಲಿ ಸುಳ್ಳಿರಲ್ಲ.

ವಾಸನೆ ತಡೆಯೋಕಾಗ್ತಿಲ್ಲ ಅಲ್ವಾ? ಬೇಸಿಗೇಲಿ ಇದರ ಮೂರರಷ್ಟು. ನಿಮ್ಮ ತಾರಸಿ ಮೇಲೆ ಗಾಳಿ ಜಾಸ್ತಿ, ಕೆಳಗಿನ ಮನೆಗಳಿಗೆಲ್ಲ ಸಮನಾಗಿ ಹಂಚಿಕೆ ಆಗತ್ತೆ... ಏನಂದ್ರಿ? ಅಭ್ಯಾಸ ಆಗತ್ತಾ? ನೋಡಿ, ಬಂದಾಗಿಂದ ಇದು ನಿಮ್ಮ ಮೂರನೇ ಮಾತು. ಅದನ್ನೂ ಇದರ ಮೇಲೆ ಖರ್ಚು ಮಾಡಿದ್ರಿ.

ಕೊಡಿ, ಆ ಡಬ್ಬ ಕೊಡಿ. ಇದು ಮೊಟ್ಟೆ ಸಿಪ್ಪೆ. ಅವುಗಳದ್ದೇ. ಹುರಿದು ಪುಡಿ ಮಾಡಿದ್ದು. ಆಹಾರಕ್ಕೆ ಒಂದು ಮುಷ್ಟಿ ಸೇರಿಸ್ಬೇಕು, ಇಲ್ಲಾಂದ್ರೆ ಮೊಟ್ಟೆ ಚರ್ಮದ ಥರ ಮೆತ್ತಗೆ ಬರತ್ತೆ. ಪುಡಿ ಮಾತ್ರ ನುಣ್ಣಗಿರ್ಬೇಕು. ಸಿಪ್ಪೆ ಅಂತ ಗುರುತು ಹತ್ತಿತೋ, ಹಾಕಿದ ಮೊಟ್ಟೆ ತಾವೇ ಒಡೆದು ತಿನ್ನೋಕೆ ಶುರು ಮಾಡ್ತವೆ. ಒಂದು ಕಲಿತರೆ ನಾಲ್ಕೂ ಕಲೀತವೆ. ಹೋದ ವರ್ಷ ಆಗಿತ್ತು. ಆ ಚಟ ಬಿಡಿಸೋಕೆ ಎರಡು ತಿಂಗಳು. ಪಿಂಗಾಣಿ ಮೊಟ್ಟೆ ತಂದಿಟ್ಟು, ಅವು ಕುಟ್ಟಿ ಕುಟ್ಟಿ ಕೊಕ್ಕು ನೋಯಿಸ್ಕೊಂಡು ಬಿಡೋ ತನಕ ಕಾವಲು ಕೂತಿದ್ದೆ. ಕಾಲೇಜಿಗೆ ರಜೆ ಹಾಕಿ.

...ಹೌದು, ನಾನೇ. ಅವಳು ನಿದ್ದೆ ಮಾಡ್ಬೇಕಲ್ಲ? ರಾತ್ರಿಯೆಲ್ಲ ಯಾರ್ಯಾರದ್ದೋ ಮೂಳೆ ಎಕ್ಸ್‌ರೇ ತೆಗೆದು ಬಂದವಳು ಹಗಲು ಮಲಗದೆ ಏನು ಮಾಡ್ತಾಳೆ? ಅವಳ ಪರವಾಗಿ ಮಾಡಿದೆ. ಪರವಾಗಿ ಅಂದ್ರೆ ಪರವಾಗಿ.

ಈಗ ಒಂದೊಂದೇ ಎತ್ತಿ ನೋಡೋದು. ಇದು ದಿನಾ ಮಾಡ್ಬೇಕು, ತಪ್ಪಿಸೋ ಹಾಗಿಲ್ಲ. ಇಲ್ಲಿ ಕೈಯಿಡಿ, ಕತ್ತಿನ ಬುಡದಲ್ಲಿ, ಕಾಳಿನ ಚೀಲ. ಬೆಳಿಗ್ಗೆ ಖಾಲಿ ಇರ್ಬೇಕು. ಗಟ್ಟಿಯಾಗಿ ಚೆಂಡಿನ ಥರ ಸಿಕ್ತು ಅಂದ್ರೆ ರಾತ್ರಿ ತಿಂದಿದ್ದು ಇಳಿದಿಲ್ಲ. ಆಮೇಲೆ ರೆಕ್ಕೆ ಕೆಳಗೆ ಊದಿ ನೋಡ್ಬೇಕು, ಹೇನು ಇದ್ಯಾ ಅಂತ. ಆಮೇಲೆ ಪಾದ. ಮೇಡಂ ಎಡಪಾದ ನೋಡಿ, ಅಲ್ಲಿ ಒಂದು ಕಪ್ಪು ಚುಕ್ಕೆ ಇದೆ. ಅದು ಒಂದು ಸಲ ಕೀವು ಕಟ್ಟಿತ್ತು. ದಿನಕ್ಕೆರಡು ಸಲ ಉಪ್ಪು ಬಿಸಿನೀರಲ್ಲಿ ನೆನೆಸಿ, ಮುಲಾಮು ಹಚ್ಚಿ, ಬಟ್ಟೆ ಕಟ್ಟಿ. ಇಪ್ಪತ್ತಾರು ದಿನ. ಪರೀಕ್ಷೆ ಪೇಪರ್ ತಿದ್ದೋ ಸೀಸನ್ನು ಬೇರೆ. ಒಂದು ಕೈಯಲ್ಲಿ ಮೇಡಂ ಕಾಲು ಬಿಸಿನೀರಲ್ಲಿ, ಇನ್ನೊಂದು ಕೈಯಲ್ಲಿ ಕೆಂಪು ಪೆನ್ನು. ಆ ವರ್ಷ ಹುಡುಗರು ಒಳ್ಳೇ ಮಾರ್ಕ್ಸ್ ತಗೊಂಡ್ರು, ನನಗೆ ತಲೆ ಎಲ್ಲಿತ್ತು.

ಅರೆ... ಪೆದ್ದೀನ ಹೇಗೆ ಎತ್ಕೊಂಡ್ರಿ? ಅದು ಯಾರ ಕೈಗೂ ಬರಲ್ಲ. ನನ್ನ ತಂಗಿ ಕೈಗೂ ಬರಲ್ಲ... ಹಾಗೇ, ರೆಕ್ಕೆ ಒತ್ತಿ ಹಿಡ್ಕೊಂಡು, ಅದರ ಕಾಲು ನಿಮ್ಮ ಕೈಬೆರಳ ಸಂದೀಲಿ. ಎಲ್ಲಿ ಕಲಿತ್ರಿ ಇದನ್ನ? ಚಿಕ್ಕವರಿದ್ದಾಗ ಸಾಕಿದ್ರಾ? ಎಷ್ಟು? ...ಅರವತ್ತು.

ಅರವತ್ತು ಕೋಳಿ.

ಅದನ್ನ ಮೊದಲೇ ಹೇಳೋಕೇನಾಗಿತ್ತು? ನಾನಿಲ್ಲಿ ಒಂದು ಗಂಟೆಯಿಂದ ನಿಮಗೆ ಹಿಕ್ಕೆ ಪಾಠ ಮಾಡ್ತಿದ್ದೀನಿ, ನೀವು ಬ್ರಹ್ಮಾಂಡ ಹೊಸದಾಗಿ ನೋಡ್ತಿರೋರ ಥರ ತಲೆಯಾಡಿಸ್ತಾ ನಿಂತಿದೀರಿ. ಹೆದರಿಸೋಣ ಅಂತಲ್ಲ. ನಾನ್ಯಾಕೆ ಹೆದರಿಸ್ಲಿ? ಮಾಹಿತಿ ಕೊಟ್ಟೆ. ಆದರೂ ಒಂದು ಮಾತು ಹೇಳ್ಬಹುದಿತ್ತು.

ಬಿಡಿ. ಗುಮಾಸ್ತೆ ನೋಡಿ ಈಗ. ಬಗ್ಗಿ ನೋಡಿ, ಆ ಮೂಲೆ ಪೆಟ್ಟಿಗೇಲಿ. ಚಪಾತಿ ಹಿಟ್ಟು ಕಲಸಿಟ್ಟ ಹಾಗೆ ಚಪ್ಪಟೆ ಕೂತಿದೆ. ಕಾವಿಗೆ ಕೂತಿದೆ. ಹನ್ನೊಂದು ದಿನ ಆಯ್ತು. ಕೆಳಗೆ ಒಂದು ಮೊಟ್ಟೇನೂ ಇಲ್ಲ, ಬರೀ ಹುಲ್ಲು. ಈ ಮನೇಲಿ ಹುಂಜಾನೂ ಇಲ್ಲ, ಹಾಗಾಗಿ ಮೊಟ್ಟೆ ಇದ್ದಿದ್ರೂ ಪ್ರಯೋಜನ ಇರ್ಲಿಲ್ಲ. ದಿನಕ್ಕೆ ಮೂರು ಸಲ ಎತ್ತಿ ಹೊರಗೆ ಹಾಕ್ಬೇಕು. ಇಲ್ಲಾಂದ್ರೆ ನೀರೂ ಕುಡಿಯದೆ ಒಣಗಿ ಹೋಗತ್ತೆ. ಎತ್ತಿದ್ರೆ ಕುಕ್ಕತ್ತೆ. ನೋಡಿ, ಈ ಕೈ. ಹೊರಗೆ ಬಿಟ್ರೆ ಎರಡು ಸುತ್ತು ಹಾಕಿ, ನಾನು ತಿರುಗೋದೇ ತಡ, ಮತ್ತೆ ಒಳಗೆ. ಅದಕ್ಕೆ ಬುದ್ಧಿ ಹೇಳೋಕಾಗತ್ತಾ? ಮೂರು ಸಲ ಎತ್ತೋದು, ಮೂರು ಸಲ ಕುಕ್ಕಿಸ್ಕೊಳ್ಳೋದು. ನಡುಮಧ್ಯಾಹ್ನದ ಸಲಕ್ಕೆ ನಾನು ಊಟದ ಬಿಡುವಲ್ಲಿ ಕಾಲೇಜಿಂದ ನಡ್ಕೊಂಡು ಬರ್ತೀನಿ. ಹನ್ನೆರಡು ನಿಮಿಷ ಬರೋಕೆ, ಹನ್ನೆರಡು ನಿಮಿಷ ಹೋಗೋಕೆ. ಊಟ ಅಂತ ಒಂದು ಇರಲ್ಲ ಈಗ.

...

ಯಾಕೆ ಹಾಗೆ ನೋಡ್ತೀರಿ? ಅವಳ ಕೋಳಿಗಳೇ ಅಂದ್ನಲ್ಲ. ತಂದವಳು ಅವಳು. ಆರು ವರ್ಷದ ಹಿಂದೆ, ಚಪ್ಪಲಿ ಡಬ್ಬದಲ್ಲಿ ಹಾಕ್ಕೊಂಡು, ನಾಲ್ಕು ಮರಿ. ಆಗ ನಾನು ರಜೇಲಿದ್ದೆ. ಉದ್ದ ರಜೆ. ಕಾಯಿಲೆ ಅಂತ ಬರೆದುಕೊಟ್ಟಿದ್ದೆ, ಯಾವ ಕಾಯಿಲೆ ಅಂತ ಡಾಕ್ಟ್ರಿಗೂ ಗೊತ್ತಿರ್ಲಿಲ್ಲ. ಜ್ವರ ಇಲ್ಲ, ನೋವಿಲ್ಲ. ಏಳ್ತಿರ್ಲಿಲ್ಲ, ಅಷ್ಟೆ. ಮಲಗಿದಲ್ಲಿಂದ ಸೂರು ನೋಡ್ತಿದ್ದೆ. ಸೂರಲ್ಲಿ ಏನೂ ಇರ್ಲಿಲ್ಲ. ಅವಳು ಡಬ್ಬ ತಂದು ನನ್ನ ತಲೆ ಪಕ್ಕ ಇಟ್ಟು, "ಎರಡು ಗಂಟೆಗೊಂದು ಸಲ ನೀರು ಕೊಡ್ಬೇಕಂತೆ ಅಕ್ಕ, ನನಗೆ ಡ್ಯೂಟಿ ಇದೆ" ಅಂತ ಹೋಗೇ ಬಿಟ್ಟಳು. ಕೂಗಿದೆ. "ತಗೊಂಡು ಹೋಗೇ ಇವನ್ನ!" ಅಂತ ಮಲಗಿದಲ್ಲೇ ಕೂಗಿದೆ. ಗೇಟು ಹಾಕ್ಕೊಂಡು ಹೋದ ಸದ್ದು ಬಂತು. ಮರಿಗಳೂ ಕೂಗ್ತಿದ್ವು. ಎರಡು ಗಂಟೆ ಆಯ್ತು. ಏನು ಮಾಡ್ಲಿ? ಎದ್ದೆ.

ಅವತ್ತಿಂದ ದಿನಾ ಹೇಳ್ತಾ ಬಂದಿದೀನಿ ಅವಳಿಗೆ. ತಗೊಂಡು ಹೋಗು. ಯಾರಿಗಾದ್ರೂ ಕೊಟ್ಟುಬಿಡು. ಈ ಶನಿಗಳಿಂದ ನನಗೆ ಮುಕ್ತಿ ಕೊಡು. ಆರು ವರ್ಷ. ಒಂದು ದಿನ ಬಿಡದೆ. ಬೆಳಿಗ್ಗೆ ಒಂದು ಸಲ, ಸಂಜೆ ಗೂಡಿಗೆ ಹಾಕೋವಾಗ ಒಂದು ಸಲ. ಅದಕ್ಕೇ ಈಗ ಮದುವೆ ನಿಕ್ಕಿಯಾಗೋ ಹೊತ್ತಲ್ಲಿ, ಪಾಪ, ಕೋಳೀನೂ ಕರ್ಕೊಂಡು ಹೋಗ್ತೀನಿ ಅಂತ ಷರತ್ತು ಹಾಕಿದಾಳೆ. ಅಕ್ಕನಿಗೆ ಮುಕ್ತಿ ಕೊಡೋಕೆ. ಅವಳಿಗೇನು ಇವುಗಳ ಮೇಲೆ ಅಂಥಾ ಪ್ರೀತಿ ಇದ್ಯಾ? ಯಾವುದು ಸಾಕ್ಷಿ, ಯಾವುದು ಪೆದ್ದಿ ಅಂತ ಕೇಳಿ ನೋಡಿ. ಎರಡು ಸಲಕ್ಕೆ ಒಂದು ಸಲ ತಪ್ಪು ಹೇಳ್ತಾಳೆ.

...ಹೆಸರು ನಾನೇ ಇಟ್ಟೆ. ಅದೇನು ದೊಡ್ಡ ವಿಷಯ? ನಾಲ್ಕು ಕೋಳಿ ಇದ್ದಾಗ ಒಂದೊಂದಕ್ಕೆ ಒಂದು ಗುರುತು ಬೇಕಾಗತ್ತೆ.

ಏನು ಮಾಡ್ತಿದೀರಿ ಅಲ್ಲಿ? ಬಾಗಿಲು ಬಿಡಿ. ಹಾಗೇ ಇರ್ಲಿ ಬಿಡಿ ಅಂದ್ರೆ. ಜೇಬಲ್ಲಿ ಸ್ಕ್ರೂಡ್ರೈವರ್ ಇಟ್ಕೊಂಡು ಹೆಣ್ಣು ಕೇಳೋಕೆ ಬರೋ ಗಂಡಸನ್ನ ನಾನು ನೋಡಿರ್ಲಿಲ್ಲ. ಎತ್ತಿ, ಎಡಕ್ಕೆ ತಳ್ಳಿದ್ರೆ ಮುಚ್ಚತ್ತೆ ಅಂತ ಹೇಳಿದ್ನಲ್ಲ? ನನ್ನ ಕೈಗೆ ಗೊತ್ತಿದೆ... ಆಯ್ತಾ? ಒಂದೇ ಬೆರಳಲ್ಲಿ ಮುಚ್ತು. ಸದ್ದೂ ಇಲ್ಲ. ಚೆನ್ನಾಗಿದೆ. ಮೂರು ವರ್ಷದಿಂದ ಎತ್ತಿ ತಳ್ತಾ ಇದ್ದೆ. ನೀವು ಮೂರು ನಿಮಿಷ ತಗೊಂಡ್ರಿ.

ಥ್ಯಾಂಕ್ಸ್ ಅಂತ ಹೇಳ್ಬೇಕಾ? ಹೇಳಿದೆ ಅಂದ್ಕೊಳ್ಳಿ.

ಕೂತ್ಕೊಳ್ಳಿ, ಆ ಕಟ್ಟೆ ಮೇಲೆ. ಕಾಫಿ ಮಾಡ್ಲಾ? ಬೇಡ್ವಾ? ಎಂಟು ಗಂಟೆ ಆಯ್ತು. ಅವಳು ಈಗ ಕೋಟು ಬಿಚ್ಚಿ ಮೊಳೆಗೆ ಹಾಕ್ತಿರ್ತಾಳೆ. ...ಅದೇನು ಕಾಗದ? ಬಿಡಿಸ್ಬೇಡಿ, ಗಾಳಿ ಇದೆ. ಹಾರಿಹೋಗತ್ತೆ. ನನಗೆ ಗೊತ್ತು ಅದೇನು ಅಂತ. ಫೋನಲ್ಲೇ ಹೇಳಿದ್ರಲ್ಲ. ಹದಿನಾರು ಮನೆ, ಹದಿನಾರು ಸಹಿ. ಎರಡನೇ ಮಹಡಿ ಮುದುಕಿ ಹೆಬ್ಬೆಟ್ಟು ಒತ್ತಿದಾಳೆ, ಅಲ್ವಾ? ಕಾಣಿಸ್ತು. ಮಡಚಿ ಇಟ್ಕೊಳ್ಳಿ.

ಹೇಳಿದೆ ಅಂದ್ನಲ್ಲ!

...

ನೀವು ಫೋನ್ ಮಾಡಿದಿರಿ ಅಂತ ಹೇಳಿದೆ.

...

ನೋಡಿ ಇವ್ರೇ, ತಪ್ಪು ನಿಮ್ಮದು. ನೇರ ಅವಳಿಗೆ ಹೇಳ್ಬೇಕಿತ್ತು. ದೊಡ್ಡವರಿಗೆ ಮೊದಲು ತಿಳಿಸ್ಬೇಕು ಅಂತ ನನಗೆ ಫೋನ್ ಮಾಡಿದ್ರಿ. ಯಾರು ಕೇಳಿದ್ರು ನಿಮ್ಮ ಮರ್ಯಾದೇನ? ಅದೂ ಕಾಗದ ನೋಡಿ ಓದಿದ್ರಿ. ಉಸಿರು ಬಿಡೋದೂ ಕೇಳಿಸ್ತಿತ್ತು. ಮೂರು ವಾಕ್ಯ. ನಿಮ್ಮ ಪ್ರಮಾಣಕ್ಕೆ ಅದು ಗ್ರಂಥ. ಒಂದು, ತಾರಸಿ ಎಲ್ಲರಿಗೂ ಸೇರಿದ್ದು, ಅಲ್ಲಿ ಕೋಳಿ ಇಡೋಕೆ ಬಿಡಲ್ಲ ಅಂತ ಕಟ್ಟಡದ ಕಾರ್ಯದರ್ಶಿ ಹೇಳಿದ್ದಾರೆ. ಎರಡು, ಅದಕ್ಕೆ ನಾನು ಹದಿನಾರು ಮನೆ ಬಾಗಿಲಿಗೂ ಹೋಗಿ ಒಪ್ಪಿಗೆ ಬರೆಸಿಕೊಂಡಿದೀನಿ. ಮೂರು, ಗೂಡು ಕಟ್ಟಿ ಮುಗಿದಿದೆ, ಯಾವತ್ತು ಬರ್ತಾಳೋ ಕೇಳಿ ಹೇಳಿ. ಕಂಠಪಾಠ ಇದೆ ನನಗೆ.

ಮೊದಲನೇದು ಹೇಳಿದೆ.

ಪೂರ್ತಿ ಹೇಳಿದೆ. ಒಂದಕ್ಷರ ಬಿಡದೆ. ನಾನು ಸುಳ್ಳು ಹೇಳ್ಲಿಲ್ಲ. ನಾನು ಹೇಳಿದ ವಾಕ್ಯದಲ್ಲಿ ಒಂದೇ ಒಂದು ತಪ್ಪು ತೋರಿಸಿ ನೋಡೋಣ. ನೀವೇ ಹೇಳಿದ ವಾಕ್ಯ ಅದು. ಅದಾದ ಮೇಲೆ ನಾನು ಸುಮ್ಮನಾದೆ. ಅವಳು, "ಇನ್ನೇನಾದ್ರೂ ಅಂದ್ರಾ?" ಅಂದಳು. ಅದೇ ಹೊತ್ತಿಗೆ ಪೆದ್ದಿ ಬಕೆಟ್ಟಿಗೆ ಬಿತ್ತು, ನಾನು ಎದ್ದು ಓಡಿದೆ. ಬಿದ್ದಿದ್ದಂತೂ ನಿಜ. ತೆಗೆದು, ಒರೆಸಿ, ವಾಪಸ್ ಬಂದೆ. ಅವಳು ಮತ್ತೆ ಕೇಳ್ಲಿಲ್ಲ. "ಸರಿ ಬಿಡು ಅಕ್ಕ" ಅಂದಳು. ಹೋಗಿ ಮಲಗಿದಳು.

ಅವಳು ಎರಡು ಸಲ ಕೇಳೋ ಪೈಕಿ ಅಲ್ಲ. ನೀವು ಎರಡು ಸಲ ಹೇಳೋ ಪೈಕಿ ಅಲ್ಲ. ಆ ಫೋನ್ ಬಂದು ಹತ್ತೊಂಬತ್ತು ದಿನ ಆಯ್ತು, ಅವಳು ಇಲ್ಲಿ ನಿಮ್ಮ ಮಾತಿಗೆ ಕಾಯ್ತಿದಾಳೆ, ನೀವು ಅಲ್ಲಿ ಅವಳ ಮಾತಿಗೆ ಕಾಯ್ತಿದೀರಿ. ನಡುವೆ ನಾನೊಬ್ಬಳು ದಿನಾ ಕೋಳಿ ವಿಷಯ ಮಾತಾಡ್ತಾ ಇದೀನಿ. ನೀವಿಬ್ಬರೂ ಒಂದು ಸಲ ಬಾಯಿಬಿಟ್ಟಿದ್ರೆ ಅವತ್ತೇ ಗೊತ್ತಾಗಿ ಹೋಗ್ತಿತ್ತು. ದಿನಾ ಅಂದ್ಕೊಳ್ತಿದ್ದೆ, ಇವತ್ತು ಸಿಕ್ಕಿಬೀಳ್ತೀನಿ. ಯಾರೂ ಹಿಡೀಲಿಲ್ಲ. ಇಷ್ಟು ಸುಲಭ ಅಂತ ನನಗೂ ಗೊತ್ತಿರ್ಲಿಲ್ಲ.

ಬೈದುಬಿಡಿ. ನನಗೆ ಬೈಸಿಕೊಂಡು ಅಭ್ಯಾಸ ಇದೆ, ನಾನು ಉತ್ತರ ಕೊಡ್ತೀನಿ, ನೀವು ಎದ್ದು ಹೋಗ್ತೀರಿ, ಮುಗಿಯತ್ತೆ. ಸುಮ್ಮನೆ ಕೂತು ನೋಡ್ತಾ ಇದ್ರೆ ನಾನೇನು ಮಾಡ್ಲಿ?

ಅವಳು ಹೋಗಬಾರದು ಅಂತಲ್ಲ. ಅಷ್ಟು ಕೀಳಲ್ಲ ನಾನು. ಹೋಗ್ಲಿ. ಹೋಗ್ಬೇಕು. ನಲವತ್ತನಾಲ್ಕಾಯ್ತು, ಯಾವಾಗ ಹೋಗ್ತಾಳೆ ಇನ್ನು? ನಿಮ್ಮ ವಿಷಯ ಹೇಳೋವಾಗ ಅವಳು ಕೂದಲು ಹಿಂದಕ್ಕೆ ತಳ್ಕೊಳ್ತಾಳೆ, ಹುಡುಗಿ ಥರ. ಕಣ್ಣಿದೆ ನನಗೆ, ಕಾಣತ್ತೆ. ಅವಳು ಹೋದ ಮೇಲೆ ಮನೆ ಖಾಲಿ ಅನ್ಸತ್ತೆ, ಅನ್ನಿಸ್ಲಿ. ಅದಕ್ಕೆ ನಾನು ತಯಾರಿದ್ದೆ. ಆದರೆ ಇವನ್ನೂ ಪೆಟ್ಟಿಗೇಲಿ ಹಾಕ್ಕೊಂಡು ಹೋಗ್ತೀನಿ ಅಂದಳಲ್ಲ... ಖುಷಿಯಿಂದ ಅಂದಳು. "ಇನ್ನು ನಿನಗೆ ಆರಾಮ ಅಕ್ಕ, ಎಂಟು ಗಂಟೆ ತನಕ ಮಲಗಬಹುದು."

ಎಂಟು ಗಂಟೆ ತನಕ ಮಲಗಿದ್ದೀನಿ ನಾನು. ಹನ್ನೊಂದರ ತನಕಾನೂ ಮಲಗಿದ್ದೀನಿ. ಹೇಗಿರತ್ತೆ ಅಂತ ನೋಡಿ ಬಂದಿದೀನಿ.

ಇವನ್ನ ಇಲ್ಲೇ ಬಿಟ್ಟು ಹೋಗು ಅಂತ ಹೇಳ್ಬಹುದಿತ್ತು. ಅಷ್ಟೇ ತಾನೇ? ಚಿಕ್ಕ ಮಾತು. ಹೇಳೋಣ ಅಂತ ಎರಡು ಸಲ ಅವಳ ಕೋಣೆ ಬಾಗಿಲ ತನಕ ಹೋದೆ. ಆರು ವರ್ಷ ಬಾಯಿಗೆ ಬಂದ ಹಾಗೆ ಬೈದು, ಈಗ ಯಾವ ಮುಖ ಇಟ್ಕೊಂಡು ಕೇಳ್ಲಿ? "ಯಾಕಕ್ಕ?" ಅಂತಾಳೆ. ಯಾಕೆ ಅಂದ್ರೆ ಏನು ಹೇಳ್ಲಿ? ಮೂವತ್ತು ವರ್ಷ ಹುಡುಗರಿಗೆ ಕಾರಣ ಕೊಡಿ, ಕಾರಣ ಕೊಡದೆ ಮಾತಾಡ್ಬೇಡಿ ಅಂತ ಹೇಳಿದವಳು ನಾನು. ನನಗೆ ಕಾರಣ ಗೊತ್ತಿತ್ತು. ಬಾಯಿಗೆ ಬರ್ಲಿಲ್ಲ. ನಿಮ್ಮ ಎರಡು ವಾಕ್ಯ ನುಂಗೋದು ಅದಕ್ಕಿಂತ ಸುಲಭ ಆಯ್ತು.

...ಏನಾದ್ರೂ ಅನ್ನಿ.

ಬೇಡ, ಏನೂ ಅನ್ಬೇಡಿ. ಆ ಕಾಗದ ನನ್ನ ಕೈಗ್ಯಾಕೆ ಕೊಡ್ತೀರಿ? ನೀವೇ ಕೊಡಿ ಅವಳಿಗೆ. ನಿಮ್ಮ ಸಹಿಗಳು, ನಿಮ್ಮ ಮುದುಕಿ ಹೆಬ್ಬೆಟ್ಟು. ನಾನೇ ಕೊಡ್ಬೇಕಾ? ಅದೇನು, ಶಿಕ್ಷೆನಾ? ...ತಲೆ ಅಲ್ಲಾಡಿಸಿದ್ರಿ. ಶಿಕ್ಷೆ ಅಲ್ಲ ಅಂತಲೋ, ಬೇರೆ ದಾರಿ ಇಲ್ಲ ಅಂತಲೋ? ಒಂದು ಮಾತು ಜಾಸ್ತಿ ಆಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?

ಸರಿ, ಕೊಡಿ.

ಅವಳು ಒಳಗೆ ಬಂದ ಕೂಡ್ಲೇ ನೀವು ಎದ್ದು ನಿಲ್ಬೇಡಿ. ಕೂತೇ ಇರಿ. ನೀವು ಎದ್ದು ನಿಂತ್ರೆ ಅವಳು ನಿಮ್ಮನ್ನ ನೋಡ್ತಾಳೆ, ನನ್ನ ಮಾತು ಕೇಳಲ್ಲ. ಆಮೇಲೆ ನಾನು ಇನ್ನೊಂದು ಹತ್ತೊಂಬತ್ತು ದಿನ...

ಗೇಟು.

ಬಂದಳು. ಇವತ್ತೇ ಬಸ್ಸು ಬೇಗ ಸಿಗ್ಬೇಕಿತ್ತಾ ಇವಳಿಗೆ!

ಬಾ. ಇಲ್ಲೇ, ಹಿತ್ತಲಲ್ಲೇ ಇದೀವಿ. ಹೌದು, ಅವರೇ. ಆರಕ್ಕೇ ಬಂದಿದ್ದಾರೆ. ಜಗಳಕ್ಕಲ್ಲ ಕಣೆ, ಕೂತ್ಕೋ ಸುಮ್ಮನೆ. ಅವರನ್ನ ನೋಡ್ಬೇಡ, ಈ ಕಡೆ ನೋಡು. ಅವತ್ತು ಇವರು ಫೋನ್ ಮಾಡಿದ್ರು ಅಂತ ಹೇಳಿದ್ನಲ್ಲ... ಅದು ಅಲ್ಲಿಗೇ ಮುಗಿದಿರ್ಲಿಲ್ಲ. ಇವರದು ಇನ್ನೂ ಎರಡು ವಾಕ್ಯ ಇದೆ. ಆಮೇಲೆ ನನ್ನದೊಂದು. ಕಾರಣ ಕೇಳ್ಬೇಡ, ನಾನೇ ಹೇಳ್ತೀನಿ.